ಆಟೋಮ್ಯಾಟಿಕ್ ಗೇರ್ ಜಗ್ಗಿದರೆ ಮನೆಯಲ್ಲೇ ರಿಪೇರಿ ಸಾಧ್ಯವೇ?

‘ಆಟೋಮ್ಯಾಟಿಕ್ ಕಾರು ಜಗ್ಗಿದರೆ ಗೇರ್ ಆಯಿಲ್ ಬದಲಿಸಿ, ಸಾಕು’ ಎಂಬ ಸಲಹೆ ಬಂದರೆ, ಮೊದಲು ನಿಮ್ಮ ಕಾರು ಯಾವ ಬಗೆಯದೆಂದು ನೋಡಿ.

2014ರಲ್ಲಿ ಸೆಲೆರಿಯೊ ಮೂಲಕ ನಮ್ಮಲ್ಲಿಗೆ ಬಂದ ಎಎಂಟಿಯಲ್ಲಿ ಇರುವುದು ಮಾಮೂಲಿ ಗೇರ್‌ಬಾಕ್ಸ್, ಮಾಮೂಲಿ ಕ್ಲಚ್. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವಷ್ಟೇ ಯಂತ್ರದ್ದು. ಕಬ್ಬಿನ ಹಂಗಾಮಿನಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ರಸ್ತೆಗಳಲ್ಲಿ ಟ್ರ್ಯಾಕ್ಟರ್‌ಗಳ ಹಿಂದೆ ತೆವಳುವಾಗ, ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ನಲ್ಲೇ ಕಾರು ನಿಲ್ಲಿಸಿಕೊಂಡಾಗ ಸವೆಯುವುದು ಈ ಕ್ಲಚ್ಚೇ. ಆಯಿಲ್ ಬದಲಿಸಿದರೆ ಅದು ಸರಿಹೋಗದು.

ಟಾರ್ಕ್ ಕನ್ವರ್ಟರ್ ಕಾರಿನ ಮಾತು ಬೇರೆ. ಅದರ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟುಗಳು ಸವೆದಿರುವ ಸಾಧ್ಯತೆ ಹೆಚ್ಚು. ಡಿಪ್‌ಸ್ಟಿಕ್ ಇದ್ದರೆ ಆಯಿಲ್ ಮಟ್ಟ ನೋಡಿ, ಸ್ಕ್ಯಾನರ್‌ನಲ್ಲಿ ಕೋಡ್ ಓದಿ. ಅಂಗಳದಲ್ಲಿ ಬಿಚ್ಚುವುದು ಮಾತ್ರ ಬೇಡ ಎನ್ನುತ್ತೇವೆ: ವಾಲ್ವ್ ಬಾಡಿಯೊಳಗೆ ಧೂಳಿನ ಕಣ ಸೇರಿದರೂ ವಾಲ್ವ್ ಸಿಕ್ಕಿಕೊಳ್ಳಬಹುದು. ಕಾರಿನಡಿ ಹೋಗುವಾಗ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಇಡಿ.