ಅರಿವಳಿಕೆ ಕೋವಿಯ ಕೆಂಪು ಚುಕ್ಕಿ

ಹುಣಸೂರು, ಎಚ್.ಡಿ. ಕೋಟೆ ಕಡೆ ಹುಲಿ ಸೆರೆಯಾದ ಮಾರನೆಯ ದಿನ ಪತ್ರಿಕೆ ತುಂಬ ಡ್ರೋನು, ಥರ್ಮಲ್ ಕ್ಯಾಮೆರಾಗಳದೇ ಸುದ್ದಿ. ಹುಲಿಯನ್ನು ಮಲಗಿಸಿದ ಕೋವಿ ಯಾವುದು, ಅದರ ಮೇಲೆ ಕೂರಿಸಿದ್ದ, ಗುರಿ ಹಿಡಿಯುವ ಸೈಟ್ ಎಂಥದು ಎಂಬುದಕ್ಕೆ ಒಂದು ಸಾಲೂ ಮೀಸಲಿಲ್ಲ. ಹೊಸದಾಗಿ ಕಾಡಿಗೆ ಬರುವ ಪಶುವೈದ್ಯರಿಗೂ ಕೋವಿಯ ಮೇಲೆ ದೊಡ್ಡ ಟೆಲಿಸ್ಕೋಪ್ ಇದ್ದರೆ ಗುರಿ ತಪ್ಪುವುದಿಲ್ಲ ಎಂಬ ನಂಬಿಕೆ. ಅದು ತಪ್ಪು ನಂಬಿಕೆ.

ಕಾಕನಕೋಟೆಯಲ್ಲಿ ಖೆಡ್ಡಾ ನಡೆಯುತ್ತಿದ್ದಷ್ಟು ಕಾಲ ಆನೆ ಹಿಡಿಯಲು ಗುರಿಕಾರ ಬೇಕಿರಲಿಲ್ಲ. ಅಟ್ಟುವ ಜನ, ಹಗ್ಗ, ಸಾಕಾನೆ ಸಾಕಿತ್ತು. 1971ರ ಖೆಡ್ಡಾ ಕೊನೆಯದಾಯಿತು. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆಮೇಲೆ ಗುರಿಕಾರನೂ ಅರಿವಳಿಕೆ ಕೋವಿಯೂ ಬೇಕಾದವು. ನ್ಯೂಜಿಲೆಂಡಿನ ಕಾಲಿನ್ ಮರ್ಡೋಕ್ 1950ರ ದಶಕದಲ್ಲೇ ಅರಿವಳಿಕೆ ಕೋವಿ ರೂಪಿಸಿದ್ದರು. ನಮ್ಮ ಕಡೆ ಅದು ಕಾಣತೊಡಗಿದ್ದು ತಡವಾಗಿ. ಆ ಕಾಲದವರಿಗೆ ನಳಿಗೆಯ ತುದಿಯ ಮಣಿ ಮತ್ತು ಹಿಂದಿನ ಕಚ್ಚೇ ಆಧಾರ. ತೆಂಗಿನಕಾಯಿಗೆ ಗುಂಡು ಹೊಡೆದು ಪಳಗಿದ ಕೊಡಗಿನವರಿಗೆ ಅದೇ ಧಾರಾಳವಾಯಿತು.

1990ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳಿಗೆ ರೇಡಿಯೊ ಕಾಲರ್ ತೊಡಿಸಲು ಆರಂಭಿಸಿದರು. ಬಟ್ಟೆ ಕಟ್ಟಿ ದಾರಿ ಮಾಡಿ, ಗುರಿಕಾರ ಕುಳಿತ ಮರದ ಬಳಿಗೇ ಹುಲಿ ಬರುವಂತೆ ಅಟ್ಟಿ, ಮೇಲಿನಿಂದ ಮದ್ದು ತುಂಬಿದ ಡಾರ್ಟ್ ಹೊಡೆಯುವ ಕ್ರಮ ಅದು. ಗುರಿಗಿಂತ ಮೊದಲು ದೂರವನ್ನು ಹತೋಟಿಗೆ ತಂದ ಈ ಜಾಣ್ಮೆಗೆ ಸಿಗಬೇಕಾದ ಮನ್ನಣೆ ಇಂದಿಗೂ ಸಿಕ್ಕಿಲ್ಲ.

ನಮ್ಮ ತಲೆಮಾರಿನ ಪಾಡು ಬೇರೆ. ಜೋಳದ ಹೊಲ, ಶುಂಠಿ ಗದ್ದೆ, ಲಂಟಾನ ಪೊದೆ ಎಲ್ಲೆಂದರಲ್ಲಿ, ಸಾಕಾನೆಯ ಬೆನ್ನ ಮೇಲಿಂದಲೇ ಹೊಡೆಯಬೇಕು. ಆನೆ ನಿಂತಿದ್ದರೂ ಅದರ ಉಸಿರಿಗೆ ಕೋವಿ ಏರಿಳಿಯುತ್ತದೆ. ಟೆಲಿಸ್ಕೋಪಿನ ಹಿಂದೆ ಕಣ್ಣು ಒಂದೇ ಜಾಗದಲ್ಲಿ, ಒಂದೇ ಅಂತರದಲ್ಲಿ ನಿಲ್ಲಬೇಕು. ಚೂರು ಸರಿದರೂ ಗಾಜು ಕಪ್ಪಾಗುತ್ತದೆ. ಗಾಜಿನಲ್ಲಿ ಕೆಂಪು ಚುಕ್ಕಿ ತೋರುವ ರೆಡ್ ಡಾಟ್ ಸೈಟಿನಲ್ಲಿ ಈ ಕಾಟವಿಲ್ಲ. ಒಳಗಿನ ಎಲ್‌ಇಡಿಯ ಬೆಳಕು ಬಾಗಿದ ಗಾಜಿಗೆ ಬಡಿದು ಸಮಾನಾಂತರವಾಗಿ ಹಿಂದಿರುಗುವುದರಿಂದ ಕಣ್ಣು ಅತ್ತಿತ್ತ ಸರಿದರೂ ಚುಕ್ಕಿ ಗುರಿಯ ಮೇಲೇ ಇರುತ್ತದೆ. ಈ ತತ್ತ್ವವನ್ನು ಡಬ್ಲಿನ್ನಿನ ಹೋವರ್ಡ್ ಗ್ರಬ್ 1900ರಲ್ಲೇ ಕಂಡುಕೊಂಡಿದ್ದರು. ಬ್ಯಾಟರಿಯ ಚುಕ್ಕಿಯಾಗಿ 1970ರ ದಶಕದಲ್ಲಿ ಮಾರುಕಟ್ಟೆಗೆ ತಂದದ್ದು ಸ್ವೀಡನ್ನಿನ ಏಮ್‌ಪಾಯಿಂಟ್. ಎಲ್ಲಕ್ಕಿಂತ ಮಿಗಿಲಾಗಿ ಎರಡೂ ಕಣ್ಣು ತೆರೆದೇ ಹೊಡೆಯಬಹುದು. ಪಕ್ಕದ ಪೊದೆಯಿಂದ ಮರಿಯಾನೆ ಬಂದರೆ, ಅಡ್ಡ ಹಾದಿಯಲ್ಲಿ ಕಾವಾಡಿ ಕಾಣಿಸಿಕೊಂಡರೆ ಆ ಕ್ಷಣವೇ ತಿಳಿಯುತ್ತದೆ. ಇದೊಂದೇ ಕಾರಣಕ್ಕೆ ನಾನು ರೆಡ್ ಡಾಟ್ ಪಕ್ಷದವನು.

ಗ್ಯಾಸ್ ಕೋವಿಗಳು ರೆಡ್ ಡಾಟ್ ಸೈಟಿಗೆ ಇನ್ನಷ್ಟು ಒಪ್ಪುತ್ತವೆ. ಡೆನ್ಮಾರ್ಕಿನ ಡ್ಯಾನ್-ಇಂಜೆಕ್ಟ್‌ನಂಥ ಕೋವಿಯಲ್ಲಿ ದೂರಕ್ಕೂ ಡಾರ್ಟಿನ ತೂಕಕ್ಕೂ ತಕ್ಕಂತೆ ಗೇಜ್ ನೋಡಿ ಒತ್ತಡ ಹೊಂದಿಸುತ್ತೇವೆ. ಡಾರ್ಟ್ ನಿಧಾನಗತಿಯದು, ಬೇಗ ಇಳಿಯುತ್ತದೆ. ಒತ್ತಡ ಬದಲಿಸಿದರೆ ಗುರಿಯ ಚುಕ್ಕಿ ಬದಲಿಸಬೇಕಿಲ್ಲ. ಸೈಟಿನ ಆಯ್ಕೆಯಲ್ಲಿ ಚುಕ್ಕಿಯ ಗಾತ್ರ ನೋಡಿ, ಅದನ್ನು ಎಂಒಎ ಎಂಬ ಕೋನದ ಅಳತೆಯಲ್ಲಿ ಹೇಳುತ್ತಾರೆ: 2 ಎಂಒಎ ಚುಕ್ಕಿ 30 ಮೀಟರಿನಲ್ಲಿ ಸುಮಾರು 2 ಸೆಂ.ಮೀ. ಮುಚ್ಚುತ್ತದೆ, 6 ಎಂಒಎ ಸುಮಾರು 5 ಸೆಂ.ಮೀ. ಆನೆಯ ತೊಡೆಗೆ ದೊಡ್ಡದು ಸಾಕು. ಪಕ್ಕೆಲುಬು, ಹೊಟ್ಟೆ ತಪ್ಪಿಸಿ ಹೊಡೆಯಬೇಕಾದ ಚಿರತೆಗೆ ಚಿಕ್ಕದೇ ಬೇಕು. ಹೊಳಪನ್ನು ಕಾಡಿನ ನೆರಳಿಗೆ ತಕ್ಕಷ್ಟು ಇಳಿಸಿಕೊಳ್ಳಬೇಕು, ಇಲ್ಲವಾದರೆ ಚುಕ್ಕಿ ಹರಡಿ ತೊಡೆಯನ್ನೇ ಮುಚ್ಚುತ್ತದೆ. ದೃಷ್ಟಿದೋಷ ಇರುವವರಿಗೆ ಚುಕ್ಕಿ ಬಾಲ ಬಿಟ್ಟ ನಕ್ಷತ್ರದಂತೆ ಕಾಣಬಹುದು. ಕೊಳ್ಳುವ ಮೊದಲು ಹೊಡೆಯುವವರೇ ಕಣ್ಣಿಟ್ಟು ನೋಡಬೇಕು. ಅಗ್ಗದ ಸೈಟುಗಳಲ್ಲಿ ಹತ್ತಿರದ ಗುರಿಗೆ ಚುಕ್ಕಿ ಕೊಂಚ ಸರಿದು ಕಾಣುತ್ತದೆ. ನಮ್ಮ ಕೆಲಸವೆಲ್ಲ ಹತ್ತಿರದಲ್ಲೇ ಆದ್ದರಿಂದ ಚುಕ್ಕಿಯನ್ನು ಗಾಜಿನ ನಡುವೆ ಇಟ್ಟುಕೊಳ್ಳುವ ಅಭ್ಯಾಸ ಬೇಕು.

ಸೈಟನ್ನು ಕೋವಿಯ ಮೇಲೆ ಕೂರಿಸುವ ಕೆಲಸವನ್ನು ಎಲ್ಲರೂ ಹಗುರವಾಗಿ ಕಾಣುತ್ತಾರೆ. ಕೋವಿಯ ಮೇಲಿನ ಪಟ್ಟಿ ಕಿರಿದಾದ 11 ಮಿ.ಮೀ.ನದೋ, ಅಗಲದ ಪಿಕಾಟಿನಿಯೋ ನೋಡದೆ ಮೌಂಟ್ ತಂದರೆ ಅದು ಕೂರುವುದಿಲ್ಲ. ಪಟ್ಟಿಯನ್ನೂ ತಿರುಪನ್ನೂ ಸ್ಪಿರಿಟ್ ಹಚ್ಚಿ ಒರೆಸಿ ಎಣ್ಣೆಯಂಶ ತೆಗೆಯಬೇಕು. ತಿರುಪುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಕೊನೆಗೆ ತಿರುಪಿನ ತಲೆಯಿಂದ ಮೌಂಟಿನ ಮೇಲೆ ಹಾದುಹೋಗುವಂತೆ ಬಿಳಿ ಬಣ್ಣದ ಒಂದು ಗೆರೆ. ಜೀಪಿನ ಕುಲುಕಾಟಕ್ಕೆ ತಿರುಪು ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಬೆಳಗ್ಗೆ ಹೊರಡುವ ಮೊದಲು ಕಣ್ಣಾಡಿಸಿದರೆ ಸಾಕು. ನಂತರ ಮದ್ದಿನ ಬದಲು ಅಷ್ಟೇ ತೂಕದ ನೀರು ತುಂಬಿದ ಡಾರ್ಟಿನಿಂದ 20 ಮೀಟರಿನ ರಟ್ಟಿಗೆ ಹೊಡೆದು ಚುಕ್ಕಿ ಹೊಂದಿಸುವುದು. ಸೈಟ್ ನಳಿಗೆಗಿಂತ ಎತ್ತರದಲ್ಲಿರುವುದರಿಂದ ತೀರಾ ಹತ್ತಿರದಲ್ಲಿ ಡಾರ್ಟ್ ಚುಕ್ಕಿಗಿಂತ ಕೆಳಗೆ ಬೀಳುತ್ತದೆ, ಅದನ್ನೂ ಹೊಡೆದೇ ತಿಳಿಯಬೇಕು. ಬ್ಯಾಟರಿಯನ್ನು ಮಳೆಗಾಲದಲ್ಲಿ ಒಳಗೇ ಬಿಟ್ಟರೆ ತುಕ್ಕು ಹಿಡಿಯುತ್ತದೆ.

ಒಂದು ಕಡೆ ಹೊಂದಿಸಿದ ಕೋವಿ ಇನ್ನೊಂದು ವಿಭಾಗಕ್ಕೆ ಹೋಗುವಾಗ ಸೈಟನ್ನು ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿ ಹಾಕಿ ಕಳಿಸುವುದನ್ನು ನಾನು ಕಂಡಿದ್ದೇನೆ. ಅಲ್ಲಿನವರು ಅದನ್ನು ಹಾಗೆಯೇ ಸಿಕ್ಕಿಸಿ ಕಾಡಿಗೆ ಹೊರಡುತ್ತಾರೆ. ಆ ಡಾರ್ಟ್ ತಪ್ಪಿದರೆ ಗುರಿಕಾರನ ಕೈ ನಡುಗಿತು ಎನ್ನುತ್ತಾರೆ.

2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಕಾಡಾನೆ ಭೀಮನ ಚಿಕಿತ್ಸೆಗೆಂದು ಡಾರ್ಟ್ ಹೊಡೆದ ‘ಆನೆ ವೆಂಕಟೇಶ್’ ಅದೇ ಆನೆಯ ದಾಳಿಗೆ ಬಲಿಯಾದರು. ಅದೇ ಡಿಸೆಂಬರಿನಲ್ಲಿ ಯಸಳೂರಿನ ಕಾರ್ಯಾಚರಣೆಯಲ್ಲಿ ಬಳ್ಳೆ ಶಿಬಿರದ ಸಾಕಾನೆ ಅರ್ಜುನ ಸತ್ತ. ವೆಂಕಟೇಶರಂಥ ಹಿರಿಯರ ಅನುಭವ ಇಂದಿಗೂ ಬಾಯಿಂದ ಬಾಯಿಗೆ ಮಾತ್ರ ಹರಿಯುತ್ತಿದೆ. ಸೆರೆಯಾದ ಪ್ರಾಣಿಗಳ ಲೆಕ್ಕ ಕಡತದಲ್ಲಿರುತ್ತದೆ. ತಪ್ಪಿದ ಡಾರ್ಟ್ ಯಾವ ಕೋವಿಯದು, ಎಷ್ಟು ದೂರ, ಎಷ್ಟು ಒತ್ತಡ, ಸೈಟನ್ನು ಕೊನೆಯ ಸಲ ಹೊಂದಿಸಿದ್ದು ಯಾವಾಗ, ಇವನ್ನು ಬರೆದಿಡುವ ಪುಸ್ತಕ ಪ್ರತಿ ಅರಿವಳಿಕೆ ಕೋವಿಯ ಜೊತೆಗೂ ಇರಬೇಕು. ಕೋವಿ ಹೋದಲ್ಲಿಗೆ ಆ ಪುಸ್ತಕವೂ ಹೋಗಬೇಕು.