ಹಾಕಿದ್ದು ಬೀಗವೋ, ಬೀಗದ ಕೈಯೋ?

‘ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಹಾಕಿದೀನಿ’ ಅಂದರೆ ಬೇರೆಯವರು ತೆರೆಯದ ಹಾಗೆ ಭದ್ರ ಮಾಡಿದ್ದಾಯಿತು ಎಂದರ್ಥ. ‘ಪಾಸ್‌ವರ್ಡ್ ಹಾಕು, ನೋಡೋಣ’ ಅಂದರೆ ತೆರೆ ಎಂದರ್ಥ. ಮುಚ್ಚುವುದಕ್ಕೂ ತೆರೆಯುವುದಕ್ಕೂ ಒಂದೇ ‘ಹಾಕು’. ಬೀಗದ ವಿಷಯದಲ್ಲಿ ನಾವು ಇಷ್ಟು ಉದಾಸೀನರಲ್ಲ: ಬೀಗ ಹಾಕುತ್ತೇವೆ, ಬೀಗ ತೆಗೆಯುತ್ತೇವೆ, ತೆಗೆಯಲಿಕ್ಕೆ ಬೀಗದ ಕೈ ಬೇರೆಯೇ ಇರುತ್ತದೆ. ಪಾಸ್‌ವರ್ಡ್ ಮಾತ್ರ ತಾನೇ ಬೀಗ, ತಾನೇ ಕೈ. ಕೀಲಿ ಎಂಬ ಪದ ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಧಾರವಾಡದ ಕಡೆ ಕೀಲಿ ಅಂದರೆ ಬೀಗ. ಬೇರೆ ಕೆಲವು ಕಡೆ ಅದನ್ನು ತೆಗೆಯುವ ಕೈ.

ಇಂಗ್ಲಿಷಿನಲ್ಲಿ ಪಾಸ್‌ವರ್ಡ್ ಮೊದಲು ಕಾವಲುಗಾರನೆದುರು ಬಾಯಿಬಿಟ್ಟು ಹೇಳುವ ಮಾತಾಗಿತ್ತು. ಕಂಪ್ಯೂಟರಿನೊಳಗೆ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯ ಸಿಟಿಎಸ್ಎಸ್ ವ್ಯವಸ್ಥೆಯಲ್ಲಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುತ್ತಿದ್ದರು, ಒಬ್ಬೊಬ್ಬರಿಗೂ ಇಷ್ಟೇ ಹೊತ್ತು ಎಂಬ ಮಿತಿಯಿತ್ತು. 1962ರಲ್ಲಿ ಅಲನ್ ಷೆರ್ ಎಂಬ ಸಂಶೋಧನಾ ವಿದ್ಯಾರ್ಥಿ ಹೆಚ್ಚು ಹೊತ್ತು ಗಿಟ್ಟಿಸಲು ಎಲ್ಲರ ಪಾಸ್‌ವರ್ಡುಗಳನ್ನೂ ಮುದ್ರಿಸಿಕೊಂಡ. ಹುಟ್ಟಿದ ಬೆನ್ನಿಗೇ ಕಳವು!

ಕನ್ನಡದ ತಂತ್ರಾಂಶಗಳಲ್ಲಿ ‘ಗುಪ್ತಪದ’ ಎಂಬ ರೂಪ ಕಾಣುತ್ತದೆ. ಚೆಂದದ ಪದವೇ. ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗೆ ಹಳೆಯ ಲ್ಯಾಪ್‌ಟಾಪ್ ಹೊತ್ತು ಹೋದವರು ‘ಗುಪ್ತಪದ ಮರೆತುಹೋಗಿದೆ’ ಅನ್ನುವುದಿಲ್ಲ, ‘ಪಾಸ್‌ವರ್ಡ್ ತೆಗೆದುಕೊಡಿ’ ಅನ್ನುತ್ತಾರೆ. ಇಲ್ಲಿ ‘ತೆಗೆ’ಯೂ ಎಡವಟ್ಟೇ. ಬೀಗ ತೆಗೆದರೆ ಬಾಗಿಲು ತೆರೆಯಿತು, ಬೀಗ ಹಾಳಾಗಲಿಲ್ಲ. ಪಾಸ್‌ವರ್ಡ್ ತೆಗೆಯುವುದೆಂದರೆ ಅದನ್ನು ಇಲ್ಲವಾಗಿಸುವುದು. ಅದಕ್ಕೇ ರಿಪೇರಿಯವರು ಮೊದಲು ಕೇಳುವುದು, ಯಾವ ಪಾಸ್‌ವರ್ಡ್?

ವಿಂಡೋಸಿನದಾದರೆ ದಾರಿಗಳಿವೆ. ಆನ್ ಮಾಡಿದ ಕೂಡಲೇ, ವಿಂಡೋಸ್ ಕಣ್ಣುಬಿಡುವ ಮೊದಲೇ ಕೇಳುವುದು ಯಂತ್ರವನ್ನು ಎಬ್ಬಿಸುವ ತಂತ್ರಾಂಶವಾದ ಬಯಾಸ್‌ನದು; ಕಷ್ಟವಿರುವುದು ಅಲ್ಲಿ. ಹಿಂದಿನ ಕಂಪ್ಯೂಟರುಗಳು ಇದನ್ನು ಸೀಮಾಸ್ ಎಂಬ ಪುಟ್ಟ ಸ್ಮೃತಿಯಲ್ಲಿ ಇಡುತ್ತಿದ್ದವು. ಅದರ ಜೀವ ಹಿಡಿದಿದ್ದದ್ದು ಮೂರು ವೋಲ್ಟಿನ ಬಿಲ್ಲೆ ಬ್ಯಾಟರಿ, ಸಿಆರ್2032. ಆ ಸಂಖ್ಯೆಯಲ್ಲೇ ಅಳತೆಯಿದೆ: ಅಗಲ 20 ಮಿಲಿಮೀಟರ್, ದಪ್ಪ 3.2. ಕರೆಂಟು ತೆಗೆದು ಬಿಲ್ಲೆ ಕಿತ್ತು ಸ್ವಲ್ಪ ಹೊತ್ತು ಬಿಟ್ಟರೆ ಪಾಸ್‌ವರ್ಡನ್ನು ಯಂತ್ರವೂ ಮರೆಯುತ್ತಿತ್ತು. ‘ಬ್ಯಾಟರಿ ಕಿತ್ತುಹಾಕಿ, ಸರಿಹೋಗುತ್ತೆ’ ಎಂಬ ಉಪದೇಶ ಇವತ್ತಿಗೂ ಓಡಾಡುತ್ತಿರುವುದು ಆ ಕಾಲದ ಪುಣ್ಯದಿಂದ. ಆದರೆ ಅನೇಕ ಲ್ಯಾಪ್‌ಟಾಪುಗಳಲ್ಲಿ ಪಾಸ್‌ವರ್ಡ್ ಕರೆಂಟಿಲ್ಲದೆಯೂ ನೆನಪಿಡುವ ಬೇರೆ ಚಿಪ್ಪಿನಲ್ಲಿರುತ್ತದೆ. ಬಿಲ್ಲೆ ಕಿತ್ತರೆ ಗಡಿಯಾರ ಕೆಡುತ್ತದೆ, ಅಷ್ಟೇ. ಥಿಂಕ್‌ಪ್ಯಾಡ್ ಲ್ಯಾಪ್‌ಟಾಪಿನ ಬಯಾಸ್ ಕಾಯುವ ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಮದರ್‌ಬೋರ್ಡನ್ನೇ ಬದಲಿಸಬೇಕೆಂದು ತಯಾರಕರ ಕೈಪಿಡಿಯೇ ಹೇಳುತ್ತದೆ.

ಒಳಗಿನ ಫೋಟೊಗಳಷ್ಟೇ ಬೇಕಿದ್ದರೆ ಇಷ್ಟೆಲ್ಲ ಬೇಡ. ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಸಿಗೆ ಹಾಕಿ, ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಓದಬಹುದು. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದ್ದರೆ ಅಥವಾ ಡಿಸ್ಕಿಗೇ ಪಾಸ್‌ವರ್ಡ್ ಹಾಕಿದ್ದರೆ ಮಾತ್ರ ಎಲ್ಲಿಗೆ ಒಯ್ದರೂ ಅದು ಬಾಯಿಬಿಡುವುದಿಲ್ಲ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಸೂಪರ್‌ವೈಸರ್ ಪಾಸ್‌ವರ್ಡ್ ಒಂದೇ ಇದ್ದರೆ ಯಂತ್ರ ಎಂದಿನಂತೆ ಶುರುವಾಗುತ್ತದೆ, ಸುಳಿವೇ ಸಿಗುವುದಿಲ್ಲ. ಅಂಗಡಿಯಲ್ಲೇ ಬಯಾಸ್ ತೆರೆಸಿ ನೋಡಿ. ಪಾಸ್‌ವರ್ಡ್ ಕೇಳಿದರೆ, ಹಾಕಿದವರಿಂದಲೇ ತೆಗೆಸಿ, ಆಮೇಲೆ ದುಡ್ಡು ಕೊಡಿ.