ಚೌಬಾರದಿಂದ ಕೋಟೆಯವರೆಗೆ

ಕಮಠಾಣದಿಂದಾಗಲಿ, ಭಾಲ್ಕಿ, ಔರಾದ ಕಡೆಯಿಂದಾಗಲಿ ಸಂತೆಗೋ ಕಚೇರಿ ಕೆಲಸಕ್ಕೋ ಬೀದರಕ್ಕೆ ಬಂದವರು ಹಳೆ ಊರಿನಲ್ಲಿ ದಾರಿ ತಪ್ಪುವುದು ಕಷ್ಟ. ತಲೆಯೆತ್ತಿದರೆ ಚೌಬಾರ ಕಾಣುತ್ತದೆ. ಊರಿನ ಎರಡು ಮುಖ್ಯ ಬೀದಿಗಳು ಕೂಡುವ ಜಾಗದಲ್ಲಿ ನಿಂತ, 71 ಅಡಿ ಎತ್ತರದ ದುಂಡನೆಯ ಗೋಪುರವದು. ಒಳಗೆ ಸುತ್ತು ಮೆಟ್ಟಿಲುಗಳಿವೆ. ತುದಿಯಲ್ಲಿ ನಿಂತವನಿಗೆ ಸುತ್ತಲಿನ ಬಯಲೆಲ್ಲ ಕಾಣುವುದರಿಂದ, ದಂಡು ಬರುವುದನ್ನು ಮುಂಚಿತವಾಗಿ ತಿಳಿಯಲು ಇದು ಅನುಕೂಲವಾಗಿತ್ತು. ಇಂದು ಜನ ಇದನ್ನು ನೋಡುವುದು ಹೆಚ್ಚಾಗಿ ಗಡಿಯಾರಕ್ಕಾಗಿ.

ಊರಿನ ಬಡಾವಣೆಗಳ ಹೆಸರುಗಳಲ್ಲಿ ‘ತಾಲೀಮು’ ಎಂಬ ಮಾತು ಪದೇ ಪದೇ ಬರುತ್ತದೆ: ಸಿದ್ದಿಕ್ ತಾಲೀಮು, ನೂರ್ ಖಾನ್ ತಾಲೀಮು, ಮಣಿಯಾರ್ ತಾಲೀಮು. ತಾಲೀಮು ಎಂದರೆ ಗರಡಿ. ಓಣಿಗೊಂದು ಗರಡಿಮನೆ ಇದ್ದು, ಅದರ ಹೆಸರೇ ಓಣಿಗೂ ನಿಂತಿತು. ಅರಸರ ಹೆಸರು ಮಾಸಿದರೂ ಗರಡಿಯ ಹೆಸರು ಅಳಿಯಲಿಲ್ಲ!

ಚೌಬಾರದಿಂದ ಕೋಟೆಯ ದಿಕ್ಕಿಗೆ ಹೊರಟರೆ ಸ್ವಲ್ಪ ದೂರದಲ್ಲೇ ಮಹಮೂದ್ ಗವಾನನ ಮದರಸಾ ಎದುರಾಗುತ್ತದೆ. ಬಹಮನಿ ದೊರೆ ಅಹಮದ್ ಷಾ 15ನೆಯ ಶತಮಾನದ ಮೊದಲ ಭಾಗದಲ್ಲಿ ಕಲಬುರ್ಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಿದ್ದ. ಇರಾನಿನ ಗೀಲಾನ್ ಪ್ರಾಂತದ ಗವಾನ್ ಇಲ್ಲಿಗೆ ಬಂದದ್ದು ವ್ಯಾಪಾರಿಯಾಗಿ. ಬೆಳೆದದ್ದು ರಾಜ್ಯದ ಪ್ರಧಾನಿಯಾಗಿ. 1472ರಲ್ಲಿ ಅವನು ಕಟ್ಟಿಸಿದ ಈ ವಿದ್ಯಾಲಯ ಮೂರು ಅಂತಸ್ತಿನದು. 205 ಅಡಿ ಉದ್ದ, 180 ಅಡಿ ಅಗಲ. ನಡುವೆ ಅಂಗಳ, ಸುತ್ತ ಪಾಠದ ಹಜಾರಗಳು, ವಿದ್ಯಾರ್ಥಿಗಳ ಕೋಣೆಗಳು, ಮಸೀದಿ, ಗ್ರಂಥಾಲಯ. ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಮುಂಭಾಗಕ್ಕೆ ಹೊದಿಸಿದ್ದ ನೀಲಿ, ಹಸಿರು, ಹಳದಿ, ಬಿಳಿ ಬಣ್ಣದ ಮೆರುಗು ಹೆಂಚುಗಳಲ್ಲಿ ಕೆಲವಷ್ಟೇ ಇಂದು ಉಳಿದಿವೆ. ಎದುರಿಗಿದ್ದ ಎರಡು ಮಿನಾರುಗಳಲ್ಲಿ ಒಂದೇ ನಿಂತಿದೆ. ಮೊಗಲರ ಕಾಲದಲ್ಲಿ ಪಾಠದ ಕೋಣೆಗಳು ಸೈನಿಕರ ಬಿಡಾರವಾದವು, ಮದ್ದಿನ ಉಗ್ರಾಣವೂ ಆದವು. 1696ರಲ್ಲಿ ಆ ಮದ್ದು ಸಿಡಿದು ಇನ್ನೊಂದು ಮಿನಾರು, ಮುಂಗೋಡೆಯ ದೊಡ್ಡ ಭಾಗ ನೆಲಕ್ಕುರುಳಿದವು. ಶಾಲೆಯಲ್ಲಿ ಮದ್ದು ತುಂಬಿದವರ ಬುದ್ಧಿಗೆ ಏನೆನ್ನೋಣ?

ಕಟ್ಟಿಸಿದವನ ಕಥೆಯೂ ಸುಖಾಂತವಲ್ಲ. ಆಸ್ಥಾನದಲ್ಲಿ ದಖ್ಖನಿಗಳು, ಪರದೇಶದಿಂದ ಬಂದವರು ಎಂಬ ಎರಡು ಬಣಗಳ ಜಗಳ ಹಳೆಯದು. ವಿರೋಧಿಗಳು ಗವಾನನ ಮುದ್ರೆ ಇದ್ದ ಕಾಗದ ಸಂಪಾದಿಸಿ, ಒರಿಸ್ಸಾದ ಅರಸನಿಗೆ ಅವನೇ ದಂಡೆತ್ತಿ ಬರಲು ಬರೆದಂತೆ ಸುಳ್ಳು ಪತ್ರ ಸೃಷ್ಟಿಸಿದರು. ಮೂರನೆಯ ಮುಹಮ್ಮದ್ ಷಾ ವಿಚಾರಿಸದೆ 1481ರಲ್ಲಿ ಆ ಮುದುಕನ ತಲೆ ತೆಗೆಸಿದ. ಸತ್ಯ ತಿಳಿದು ಪಶ್ಚಾತ್ತಾಪಪಟ್ಟ ಸುಲ್ತಾನ ಮರುವರ್ಷವೇ ತೀರಿಕೊಂಡ. ಆಮೇಲೆ ರಾಜ್ಯ ಐದು ಹೋಳಾಗಲು ಬಹಳ ಕಾಲ ಬೇಕಾಗಲಿಲ್ಲ. ಊರ ಹೊರಗೆ ಗೋರನಳ್ಳಿಯಲ್ಲಿರುವ ಗವಾನನ ಸಮಾಧಿಗೆ ಗುಮ್ಮಟವೂ ಇಲ್ಲ.

ಗವಾನನ ಅಧಿಕಾರದ ದಿನಗಳಲ್ಲೇ ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಒಂದು ಕುದುರೆ ಮಾರಲು ಬೀದರಕ್ಕೆ ಬಂದಿದ್ದ. ಅರಮನೆಗೆ ಏಳು ಬಾಗಿಲುಗಳು, ಪ್ರತಿಯೊಂದರಲ್ಲೂ ಕಾವಲುಗಾರರು, ಒಳಹೋಗುವವರನ್ನೂ ಹೊರಬರುವವರನ್ನೂ ಬರೆದುಕೊಳ್ಳುವ ಗುಮಾಸ್ತರು ಇದ್ದರೆಂದು ಅವನು ದಾಖಲಿಸಿದ್ದಾನೆ. ಪರದೇಶಿಗೆ ಒಳಗೆ ಪ್ರವೇಶವಿಲ್ಲ. ಸರದಾರರ ವೈಭವವನ್ನು ಬಣ್ಣಿಸಿದ ಅವನೇ ಹಳ್ಳಿಗರ ಬಡತನವನ್ನೂ ಮರೆಯದೆ ಬರೆದ. ಆಸ್ಥಾನದ ಚರಿತ್ರಕಾರರಲ್ಲಿ ಈ ಮಾತು ಸಿಗುವುದು ಅಪರೂಪ.

ಇದೇ ಹಳೆ ಊರಿನಲ್ಲಿ ಸಂತ ಖಲೀಲುಲ್ಲಾರ ನೆನಪಿನ ತಖ್ತ್-ಇ-ಕಿರ್ಮಾನಿಯೂ ಇದೆ. ಅದರ ಕಮಾನಿನ ಗಾರೆ ಕೆಲಸಕ್ಕಾಗಿಯೇ ಒಮ್ಮೆ ನಿಲ್ಲಬೇಕು. ನಿಜಾಮ್ ಸಂಸ್ಥಾನದ ಪುರಾತತ್ವ ಇಲಾಖೆಯ ಜಿ. ಯಜ್ದಾನಿಯವರು ಈ ಕಟ್ಟಡಗಳನ್ನೆಲ್ಲ ಅಳೆದು ಬರೆದ ದೊಡ್ಡ ಗ್ರಂಥ 1947ರಲ್ಲಿ ಪ್ರಕಟವಾಯಿತು. 2014ರಲ್ಲಿ ಬೀದರದ ಸ್ಮಾರಕಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದವು. ಆದರೆ ಪಟ್ಟಿಗೆ ಸೇರುವುದು ಸ್ಮಾರಕವೇ ಹೊರತು ಬೀದಿಯಲ್ಲ. ಎರಡು ಸ್ಮಾರಕಗಳ ನಡುವಿನ ಹಳೆ ಮನೆ, ಕಮಾನು, ಜಗಲಿಗಳಿಗೆ ಕಾವಲು ಯಾರು?

ಬೀದಿಯಲ್ಲಿ ಇನ್ನೂ ಬದುಕಿರುವುದು ಬಿದರಿ ಕೆಲಸ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಚಿತ್ರ ಕೊರೆದು, ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೊನೆಗೆ ಬೇಕು ಕೋಟೆಯ ಹಳೆಯ ಮಣ್ಣು. ನವಸಾಗರದೊಡನೆ ಅದನ್ನು ಕುದಿಸಿದ ನೀರು ತಾಗಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಹೊಳೆಯುತ್ತದೆ. ಯಾವ ಮಣ್ಣು ಒಗ್ಗುತ್ತದೆ ಎಂಬುದನ್ನು ಕುಶಲಕರ್ಮಿಗಳು ನಾಲಿಗೆಗಿಟ್ಟು ರುಚಿ ನೋಡಿಯೇ ತೀರ್ಮಾನಿಸುತ್ತಾರೆ.